ಟೋವಿನ್ ಸತ್ತಿದ್ದು ಎರಡನೇ ಪುಸ್ತಕದಲ್ಲಿ

“ಏನ್ ಗುರು, ಬುಕ್ ಓದಿದ್ಯೋ, ಬರೀ ಕವರ್ ನೋಡ್ಕೊಂಡ್ ಬಂದ್ಯೋ? ಟೋವಿನ್ ಎರಡನೇ ಬುಕ್ಕಲ್ಲೇ ಸತ್ತೋದ!”

ಪ್ರಮೋದ್ ನನಗೆ ಹೀಗೆಂದಾಗ ಜೆ.ಪಿ. ನಗರದ ಪಾರ್ಕಿನಲ್ಲಿ ಚಾಪೆ ಹಾಸಿ ಕೂತಿದ್ದವರೆಲ್ಲ ನಕ್ಕರು. ಎಲ್ಲರ ತೊಡೆಯ ಮೇಲೂ ಒಂದೇ ಪುಸ್ತಕ. ಡ್ರ್ಯಾಗನ್‌ಗಳ ರಾಜ್ಯದ ಆ ಇಂಗ್ಲಿಷ್ ಕಥೆಯ ನಾಲ್ಕನೆಯ, ಕೊನೆಯ ಭಾಗ. ಮೊದಲ ಅಧ್ಯಾಯವನ್ನು ಒಟ್ಟಿಗೆ ಓದಲು ಸೇರಿದ್ದರು. ನನ್ನ ಕೈಯಲ್ಲೂ ಒಂದಿತ್ತು. ಅವರ ನಡುವೆ ಕೂತಿದ್ದ ಅರ್ಪಿತಳಿಗೆ ಕೊಡೋಣವೆಂದು ಜಯನಗರದಲ್ಲಿ ಕೊಂಡು, ಅವಳಿಗೆ ಹೇಳದೆಯೇ ಬಂದಿದ್ದೆ.

ಒಬ್ಬಳು ಹುಡುಗಿ ಮರ್ಯಾದೆಯಿಂದ, “ನಿಮ್ಮ ಫೇವರಿಟ್ ಯಾರು?” ಎಂದು ಕೇಳಿದ್ದಳು. “ಟೋವಿನ್ ರೀ. ಈ ಬುಕ್ಕಿನಾಗರ ಅಂವಗ ರಾಜಕುಮಾರಿ ಇಲ್ರಾ ಸಿಗ್ತಾಳೋ ಇಲ್ಲೋ ನೋಡ್ಬೇಕು” ಎಂದಿದ್ದೆ. ನಾನಂದದ್ದು ಇಷ್ಟೇ.

“ಯಾರೇ ಇವ್ರು? ನಿನ್ನನ್ನೇ ನೋಡ್ತಿದಾರೆ” ಎಂದು ಅದೇ ಹುಡುಗಿ ಅರ್ಪಿತಳ ಭುಜ ತಟ್ಟಿದಳು.

ಅರ್ಪಿತ ಪುಸ್ತಕದಿಂದ ತಲೆ ಎತ್ತಲಿಲ್ಲ. “ನಮ್ಮ ಬಿಲ್ಡಿಂಗಲ್ಲಿ ಬಾಡಿಗೆಗಿದಾರೆ.”

ಇದಾರೆ! ಬಹುವಚನ ಬೇರೆ!

ಬಿಳೇಕಹಳ್ಳಿಯಲ್ಲಿ ಅರ್ಪಿತಳ ಅಪ್ಪ ಕೆಂಪರಾಜು ಅವರ ಕಟ್ಟಡದ ಮೇಲಿರುವ ಒಂಟಿ ರೂಮು ನನ್ನದು. ಮನೆಮನೆಗೆ ಹೋಗಿ ನೀರಿನ ಫಿಲ್ಟರ್ ರಿಪೇರಿ ಮಾಡುತ್ತೇನೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು, ಇಂಗ್ಲಿಷ್ ಓದಲು ಬರದು. ಎರಡು ವರ್ಷದ ಹಿಂದೆ ಒಂದು ದಿನ, ಟೆರೇಸಿಗೆ ಬಟ್ಟೆ ಒಣಗಿಸಲು ಬಂದ ಅರ್ಪಿತ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಓದುತ್ತ ಅಳುತ್ತಿದ್ದಳು. “ಯಾರರ ಬೈದ್ರೇನು?” ಎಂದು ಕೇಳಿದ್ದೆ. “ಡ್ರ್ಯಾಗನ್ ಸತ್ತೋಯ್ತು” ಎಂದು ಮೂಗು ಒರೆಸಿಕೊಂಡಳು. ನಾನು ನಗಬಾರದಿತ್ತು, ನಕ್ಕೆ. ಬಟ್ಟೆಯ ಕ್ಲಿಪ್ ಎಸೆದಳು.

ಅವತ್ತಿನಿಂದ ಕಥೆ ಶುರುವಾಯಿತು. ಅವಳು ಓದಿಬಂದು ಕನ್ನಡದಲ್ಲಿ ಹೇಳುವಳು. ಒದ್ದೆ ಬೆಡ್‌ಶೀಟಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಹಿಂಡುತ್ತ ಹಿಂಡುತ್ತ ಹತ್ತಿರ ಬಂದಾಗ ಕಥೆ ನಿಂತುಬಿಡುತ್ತಿತ್ತು. ಅವಳು ತುಟಿ ಕಚ್ಚಿ ಬೇರೆಲ್ಲೋ ನೋಡುವಳು. “ಮುಂದ?” ಎನ್ನುತ್ತಿದ್ದೆ. “ಮುಂದ ಅಂತೆ ಮುಂದ! ಮುಂದೆ ಅನ್ನೋ” ಎಂದು ನನ್ನ ಮಾತನ್ನು ಆಡಿಕೊಳ್ಳುವಳು.

ಡ್ರ್ಯಾಗನ್‌ಗಳ ಲಾಯ ತೊಳೆಯುವ ಹುಡುಗ ಟೋವಿನ್. ಅವನಿಗೂ ಓದು ಬರದು. ರಾಜಕುಮಾರಿ ಇಲ್ರಾ ಕದ್ದು ಲಾಯಕ್ಕೆ ಬರುತ್ತಿದ್ದಳು. ಮೂರನೇ ಪುಸ್ತಕದ ಕೊನೆಯಲ್ಲಿ ಅವಳು ಅವನ ಒರಟು ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡು, “ಇಡೀ ಅರಮನೆ ಎದುರು ನಿಂತ್ರೂ ಇವನು ನನ್ನೋನು ಅಂತೀನಿ” ಎಂದಳಂತೆ. ಅದನ್ನು ಹೇಳುವಾಗ ಅರ್ಪಿತ ಬೆಡ್‌ಶೀಟ್ ಹಿಂಡುವುದನ್ನೇ ಮರೆತಿದ್ದಳು. ಕಿವಿಯವರೆಗೂ ಕೆಂಪಾಗಿದ್ದಳು. ಕೊನೆಯ ಪುಸ್ತಕ ಬರಲಿ ಎಂದು ನಾನು ಹಬ್ಬಕ್ಕೆ ಕಾಯುವವನಂತೆ ಕಾದೆ.

ಈಗ ಇವರು ನಗುತ್ತಿದ್ದಾರೆ. ಸತ್ತವನಿಗೆ ಹುಡುಗಿ ಸಿಗಲಿ ಎನ್ನುವ ಪೆದ್ದನನ್ನು ನೋಡಿ ನಗುತ್ತಿದ್ದಾರೆ.

ತಂದ ಪುಸ್ತಕವನ್ನು ಚಾಪೆಯ ಮೇಲಿಟ್ಟು ಹೊರಟೆ. ಪ್ರಮೋದನ ಕಪಾಳಕ್ಕೆ ಬಾರಿಸಲು ಕೈ ಉರಿಯುತ್ತಿತ್ತು. ಅವನು ಅರ್ಪಿತಳ ದೊಡ್ಡಪ್ಪನ ಮಗ ಎಂಬ ಒಂದೇ ಕಾರಣಕ್ಕೆ ಕೈಯನ್ನು ಜೇಬಿನಲ್ಲಿಟ್ಟೆ.

ಗೇಟಿನ ಹೊರಗೆ ಎಳನೀರಿನ ಗಾಡಿಯ ಹತ್ತಿರ ಅವಳು ಓಡಿಬಂದು ಹಿಡಿದಳು. ಚಪ್ಪಲಿ ಕೂಡ ಹಾಕಿರಲಿಲ್ಲ.

“ಲೋ, ನಿಂತ್ಕೊಳ್ಳೋ!”

“ಯಾರು ನಾನಾ? ಬಾಡಿಗೆಯವ್ರು ಅನ್ರಿ ಮೇಡಂ.”

“ಸಂಗಮೇಶ, ಪ್ಲೀಸ್.”

“ಖರೇ ಹೇಳು. ಅಂವ ಸತ್ತಾನೇನು?”

ಅವಳು ಹೌದೆಂದು ತಲೆಯಾಡಿಸಿದಳು. “ಬಾಣ ತಗುಲಿ. ಒಂದೇ ಒಂದು ಸಾಲು ಬರ್ದಿದಾರೆ. ಇಲ್ರಾ ಅವನ ಹೆಸರು ಕೂಡ ಕೇಳಲ್ಲ. ಅವಳು ಲಾಯಕ್ಕೆ ಬರೋದೇ ಇಲ್ಲ ಕಣೋ ಬುಕ್ಕಲ್ಲಿ.”

“ಮತ್ತ ಲಾಯದಾಗ ಬಂದಾಕಿ ಯಾರು?”

ಬಸ್ಸೊಂದು ಹೊಗೆ ಬಿಟ್ಟು ಹೋಯಿತು. ಅವಳ ಕಣ್ಣು ತುಂಬಿತ್ತು, ಹೊಗೆಗಲ್ಲ.

“ನಾನು” ಎಂದಳು. “ಅಂಗೈ ಹಿಡ್ಕೊಂಡಿದ್ದು, ಆ ಮಾತು, ಎಲ್ಲ ನಂದೇ. ನೇರವಾಗಿ ಹೇಳಕ್ಕೆ ಧೈರ್ಯ ಬರ್ಲಿಲ್ಲ. ಅದಕ್ಕೆ ಅವಳ ಬಾಯಲ್ಲಿ ಹೇಳಿಸ್ದೆ.”

ಎರಡು ವರ್ಷದಿಂದ ಕಾದ ಮಾತು ಅದು. ಅವಳ ಒಂದು ಎಳೆ ಕೂದಲು ಕೆನ್ನೆಯ ಒದ್ದೆಗೆ ಅಂಟಿತ್ತು. ಬಿಡಿಸಲು ಕೈ ಎತ್ತಿದವನು ತಡೆದುಕೊಂಡೆ.

“ಹಂಗಿದ್ರ ಬಾ. ಒಳಗ ಹೋಗೂಣು. ಆ ಮಾತು ಅವರ ಮುಂದ ಒಮ್ಮೆ ಅನ್ನು. ಅರಮನೆ ಬ್ಯಾಡ, ಆ ಚಾಪೆ ಮುಂದ ಸಾಕು.”

ಅವಳು ಗೇಟಿನತ್ತ ತಿರುಗಿದಳು. ಪ್ರಮೋದ್ ಅಲ್ಲೇ ನಿಂತು ನಮ್ಮನ್ನು ನೋಡುತ್ತಿದ್ದ. ಕೈಯಲ್ಲಿ ಫೋನು. “ಅರ್ಪಿತಾ, ಏನಂತೆ ಅವಂದು?” ಎಂದು ಕೂಗಿದ.

ನಾನು ಅವಳ ತುಟಿಗಳನ್ನೇ ನೋಡುತ್ತಿದ್ದೆ. ಅವು ಬಿರಿದವು. ಇನ್ನೇನು ಮಾತು ಬರಬೇಕು.

“ಏನಿಲ್ಲ ಅಣ್ಣ! ಫಿಲ್ಟರ್ ವಿಷ್ಯ ಕೇಳ್ತಿದಾರೆ. ಬಂದೆ!”

ಎಳನೀರಿನವನು ಕಾಯಿ ಕೆತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಅವನಿಗೂ ಅರ್ಥವಾಗಿತ್ತು.

ಪ್ರಮೋದ್ ಒಳಗೆ ಹೋದದ್ದೇ ಅವಳು ನನ್ನ ತೋಳು ಹಿಡಿದು, “ಕೋಪ ಮಾಡ್ಕೋಬೇಡ” ಎಂದಳು ಪಿಸುದನಿಯಲ್ಲಿ. “ಅಪ್ಪಂಗೆ ಗೊತ್ತಾದ್ರೆ ನಿನ್ನನ್ನ ಸಂಜೆನೇ ರೂಮ್ ಖಾಲಿ ಮಾಡಿಸ್ತಾರೆ. ಟೆರೇಸಾದ್ರೂ ಇರ್ಲಿ ನಮಗೆ. ಈ ಬುಕ್ಕೂ ಹೇಳ್ತೀನಿ. ನಾಳೆಯಿಂದ್ಲೇ. ಅವರಿಬ್ರಿಗೂ ಮದ್ವೆ ಮಾಡಿಸ್ತೀನಿ, ಆಣೆಗೂ.”

ಕಥೆಯಲ್ಲಿ ಮದುವೆ. ಬೀದಿಯಲ್ಲಿ ಫಿಲ್ಟರ್.

ನಾನು ತೋಳಿನ ಮೇಲಿದ್ದ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಜೋರಾಗಿ ಅಲ್ಲ. ಸಿಟ್ಟೆಲ್ಲ ಎಲ್ಲೋ ಸೋರಿಹೋಗಿ ಬರೀ ಬಾಯಾರಿಕೆ ಉಳಿದಿತ್ತು.

“ಏನಾದ್ರೂ ಮಾತಾಡೋ” ಎಂದು ಅವಳು ಬಿಕ್ಕಿದಳು. “ಆ ಒಂದು ಸಾಲು ಓದಿದ್ ದಿನ ರಾತ್ರಿಯೆಲ್ಲ ಅತ್ತಿದೀನಿ. ಬೆಳಿಗ್ಗೆ ನೀನು ಟೆರೇಸಲ್ಲಿ ‘ಟೋವಿನ್ ಹ್ಯಾಂಗದಾನ?’ ಅಂತ ನಗ್ತಾ ಕೇಳ್ದೆ. ಹೇಳು, ನಾನೇನ್ ಮಾಡ್ಬೇಕಿತ್ತು? ಸಾಯಿಸ್ಬೇಕಿತ್ತಾ ಅವನನ್ನ?”

ಸಿಗ್ನಲ್ ಕೆಂಪಾಗಿ ಗಾಡಿಗಳು ನಿಂತವು. ನಾನು ಅವುಗಳ ನಡುವೆ ನುಸುಳಿ ರಸ್ತೆ ದಾಟಿದೆ.