ತಮ್ಮನಿಗೆ ಹೆಗಲು ಕೊಟ್ಟವರು

ಆ ದಿನ ನಾನು ಕುಡಿದಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸೈನ್ಯದಲ್ಲಿದ್ದ ನನ್ನ ತಮ್ಮ, ತನ್ನ ತುಕಡಿಯವರೇ ಗಡಿಯಾಚೆಯ ಹಳ್ಳಿಯೊಂದರ ಜನರನ್ನು ಬಾವಿಗೆ ತಳ್ಳಿ ಕೊಂದರೆಂದು ಕೋರ್ಟಿನಲ್ಲಿ ಹೇಳಿದ್ದ. ಅಂದಿನಿಂದ ಬೀದಿಗೆಲ್ಲ ಅವನು ಉಂಡ ಮನೆಗೆ ಎರಡು ಬಗೆದವನು. ಅಪ್ಪನೂ ಅವನೊಡನೆ ಮಾತು ಬಿಟ್ಟಿದ್ದರು. ಎದೆನೋವು ಬಂದು ಅವನು ಸತ್ತಾಗ ಒಂದು ಬಾಗಿಲೂ ತೆರೆಯಲಿಲ್ಲ. ಹೆಣಕ್ಕೂ ಹೆದರಿ ಚಿಲಕ ಹಾಕಿಕೊಂಡರು.

ಶವಪೆಟ್ಟಿಗೆಗೆ ನಾಲ್ಕು ಜನರ ಹೆಗಲು ಬೇಕು. ಇದ್ದದ್ದು ನಾನು ಮತ್ತು ಅಪ್ಪ.

"ಮುಂದೆ ನಾವಿಬ್ರು ಹಿಡಿಯೋಣ," ಎಂದರು ಅಪ್ಪ. "ಹಿಂದೆ ನೆಲಕ್ಕೆ ತಾಗಿದ್ರೆ ತಾಗ್ಲಿ, ಇನ್ನೇನ್ ಮಾಡೋದು."

ಎತ್ತಿದೆವು. ಹಿಂಬದಿಯೂ ನಮ್ಮ ಜೊತೆಗೇ ಮೇಲೆದ್ದಿತು. ಮಟಮಟ ಮಧ್ಯಾಹ್ನದ ಬಿಸಿಲು, ಆದರೂ ನನ್ನ ಬೆನ್ನಿಗೆ ಬಾವಿಯೊಳಗಿನಂಥ ಥಂಡಿ ತಟ್ಟುತ್ತಿತ್ತು. ಹಿಂದಿನಿಂದ ಒದ್ದೆ ಬರಿಗಾಲುಗಳ ಸಪ್ಪಳ ಕೇಳುತ್ತಿತ್ತು. ತಿರುಗಿ ನೋಡುವ ಧೈರ್ಯವಾಗದೆ ನಾನು ಹೆಜ್ಜೆ ಬಿರುಸು ಮಾಡಿದೆ.

ಅಪ್ಪ ಅಳುತ್ತಿದ್ದರು. ಅವರೂ ತಿರುಗಿ ನೋಡಿರಲಿಲ್ಲ.

"ಮೆಲ್ಲಗೆ ನಡಿಯೋ," ಎಂದರು. "ಹಿಂದೆ ಚಿಕ್ಕ ಮಕ್ಕಳಿದಾರೆ."

ಬಾವಿಯಲ್ಲಿ ಮಕ್ಕಳೂ ಇದ್ದರೆಂದು ತಮ್ಮನಿಗೆ ಕೋರ್ಟಿನಲ್ಲೂ ಹೇಳಲಾಗಿರಲಿಲ್ಲ. ಅವನು ಅದನ್ನು ಹೇಳಿಕೊಂಡದ್ದು ನನ್ನೊಬ್ಬನ ಬಳಿ. ನಾನು ಅಪ್ಪನಿಗೆ ಹೇಳಿರಲಿಲ್ಲ.