ಸೈಕಲ್ ಕಡ್ಡಿಯ ಕೋಳಿ

“ಆಪಾ, ಇದರ ಕಲರ್ ನೋಡ! ಬೆಳ್ಳಗಾಗೇತಿ!” ಪಾತ್ರೆಯ ಮುಚ್ಚಳ ತೆಗೆದ ತಂಗಿ ಮುನ್ನಿ ಕೂಗಿದಳು.

ಗೌಸಬಿ ಓಡಿ ಬಂದು ಬಗ್ಗಿ ನೋಡಿದಳು. ಕೋಳಿಯ ತುಂಡುಗಳು ಬೆಂಕಿ ಕಾಣುವ ಮೊದಲೇ ಬೆಂದಂತೆ ಬಿಳಿಚಿಕೊಂಡಿದ್ದವು. ಶನಿವಾರದ ಬೆಳಗಿನ ಶಾಲೆಗೆ ಹೋಗುವ ಮುಂಚೆ ಮೊಸರು, ಬೆಳ್ಳುಳ್ಳಿ ಕಲಸಿ, ಲಿಂಬೆಹಣ್ಣನ್ನು ಮನಸಾರೆ ಹಿಂಡಿದ್ದಳು. ಇಂಡಿ ಊರಿನಲ್ಲಿ ಲಿಂಬೆಗೇನು ಬರ? ಅಬ್ಬಾ ಮಾತ್ರ ಇದ್ದಿಲಿನ ಶೇಗಡಿ ಹೊತ್ತಿಸುವಾಗಷ್ಟೇ ಹಿಂಡುತ್ತಿದ್ದರು. ಅದು ಈಗ ನೆನಪಾಯಿತು.

ಅಬ್ಬಾ ಗ್ರೀಸ್ ದೇಶದ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದರು. ರಜೆಗೆ ಬಂದಾಗಲೆಲ್ಲ ಹಳೆಯ ಸೈಕಲ್ ಕಡ್ಡಿಗಳನ್ನು ತಿಕ್ಕಿ ತೊಳೆದು, ಕೋಳಿ, ಉಳ್ಳಾಗಡ್ಡಿ ಪೋಣಿಸಿ ಅಲ್ಲಿಯವರಂತೆ ಸುಡುತ್ತಿದ್ದರು. ಹೋದ ವರ್ಷ ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಶೇಗಡಿ ಹೊತ್ತಿರಲಿಲ್ಲ. ಅವರು ತಂದಿದ್ದ ಅಜವಾನದ ಘಮದ ಒಣ ಎಲೆ ಡಬ್ಬಿಯ ತಳದಲ್ಲಿ ಒಂದು ಚಿಟಿಕೆ ಉಳಿದಿತ್ತು. ಅದನ್ನೂ ಗೌಸಬಿ ಇದಕ್ಕೇ ಹಾಕಿಬಿಟ್ಟಿದ್ದಳು. ಇನ್ನೊಮ್ಮೆ ಮಾಡುವಂತಿಲ್ಲ.

“ಕೆಟ್ಟಿತೇನ ಅಮ್ಮಿ?” ಗೌಸಬಿ ಪಾತ್ರೆಯನ್ನು ಅಮ್ಮಿಯ ಮುಂದೆ ಹಿಡಿದಳು.

“ಏನೂ ಕೆಟ್ಟಿಲ್ಲ. ಕಡ್ಡಿ ಕೊಡು ಇಲ್ಲಿ.”

ಅಮ್ಮಿ ಅಂಗಳದಲ್ಲಿ ಶೇಗಡಿಯ ಮುಂದೆ ಕೂತು ಬೀಸಣಿಕೆ ಹಿಡಿದಳು. ಹೊಗೆ ಮುಖಕ್ಕೆ ಬಡಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೊದಲ ಕಡ್ಡಿಯನ್ನು ಮಕ್ಕಳ ತಾಟಿಗೆ ಇಳಿಸಿದಳು.

“ಅಯ್ಯ, ಹುಳಿ! ಆಪಾ ಇಡೀ ಲಿಂಬಿ ತ್ವಾಟಾನ ಹಿಂಡ್ಯಾಳ,” ಎಂದು ಮುನ್ನಿ ಮುಖ ಕಿವುಚಿದಳು. ಆದರೂ ಎರಡನೇ ತುಂಡಿಗೆ ಕೈ ಹಾಕಿದಳು.

ಗೌಸಬಿ ಜಗಿದಳು. ಎಲೆಯ ಘಮ ಇತ್ತೋ ಇಲ್ಲವೋ, ತಿಳಿಯಲಿಲ್ಲ. ಅಬ್ಬಾ ಮಾಡುತ್ತಿದ್ದ ಕೋಳಿಯ ರುಚಿಯೇ ತನಗೆ ಮರೆತುಹೋಯಿತೇ?

“ಅಮ್ಮಿ, ನೀ ಹೇಳು. ಅಬ್ಬಾ ಮಾಡಿದ್ದು ಹಿಂಗ ಇರ್ತಿತ್ತೇನ?”

ಬೀಸಣಿಕೆ ನಿಂತಿತು. “ನನಗೇನ ಗೊತ್ತು ಬೇಟಾ? ನಾ ಎಲ್ಲಿ ತಿಂದೇನಿ?”

“ಅಬ್ಬಾ ಅಷ್ಟು ಸಲ ಮಾಡ್ಯಾರಲ್ಲ!”

“ಮಾಡ್ತಿದ್ರು. ಮಂದಿನೂ ಅಷ್ಟ ಬರ್ತಿದ್ರು. ನಾ ಇಲ್ಲೇ ಕುಂತು ಗಾಳಿ ಹಾಕ್ತಿದ್ದೆ. ಕಡೀಕ ಕಡ್ಡಿಗೆ ಸುಟ್ಟ ಉಳ್ಳಾಗಡ್ಡಿ ಉಳೀತಿತ್ತು. ಅದು ಛಲೋ ಇರ್ತಿತ್ತು ನೋಡು.” ಅಮ್ಮಿ ಸಣ್ಣಗೆ ನಕ್ಕಳು.

ಗೌಸಬಿಗೆ ಆ ಸಂಜೆಗಳು ನೆನಪಾದವು. ನಗು, ತಾಟುಗಳ ಸದ್ದು, ನಡುವೆ ನಿಂತ ಅಬ್ಬಾ. ಹೊಗೆಯ ಆಚೆ ಕೂತ ಅಮ್ಮಿಯ ಕಡೆ ಅವಳು ಎಂದೂ ನೋಡಿರಲಿಲ್ಲ.

ತಾಟು ಕೆಳಗಿಟ್ಟು ಎದ್ದಳು. ಅಮ್ಮಿಯ ಕೈಯಿಂದ ಬೀಸಣಿಕೆ ತೆಗೆದುಕೊಂಡಳು.

“ಆ ಕಡೆ ಕುಂಡ್ರು ಅಮ್ಮಿ. ಅಲ್ಲಿ ಹೊಗಿ ಬರೂದಿಲ್ಲ.”

“ಹುಳಿ ಐತಿ ಅಂತೀರಲ್ಲ?”

ಗೌಸಬಿ ಕೆಂಡದ ಮೇಲಿಂದ ಒಂದು ಕಡ್ಡಿ ತೆಗೆದು ಅಮ್ಮಿಯ ಮುಂದೆ ಹಿಡಿದಳು.

“ಐತಿ. ಆದ್ರ ಬಿಸಿ ಐತಿ.”