ಬೇರೆಯವನ ಕಫ

“ದುಂಡು, ಕಡ್ಡಿ, ಸುರುಳಿ ಅಂದ್ರಿ. ಕಾಲರಾದ್ದು ಬಿಟ್ರಲ್ರಿ, ಮೇಡಂ?”

ಶಹಾಪುರದ ಪ್ರೌಢಶಾಲೆಯಲ್ಲಿ ಬ್ಯಾಕ್ಟೀರಿಯಾಗಳ ಆಕಾರ ವಿವರಿಸುತ್ತಿದ್ದ ಲ್ಯಾಬ್ ಟೆಕ್ನಿಷಿಯನ್ ಸಪ್ನಾಳನ್ನು ಮಕ್ಕಳ ಮುಂದೆಯೇ ತಡೆದವನು ವಿಜ್ಞಾನ ಶಿಕ್ಷಕ ಬುದ್ಧಪ್ರಿಯ. ಅವಳು ಹಲಗೆಯ ಮೇಲೆ ಅಲ್ಪವಿರಾಮದಂಥ ಬಾಗಿದ ಗೆರೆ ಎಳೆದು, ಉಳಿದದ್ದನ್ನು ನೀವೇ ಹೇಳಿ ಎಂದು ಸೀಮೆಸುಣ್ಣವನ್ನು ಅವನ ಕೈಗಿತ್ತಳು.

ವರ್ಷದೊಳಗೆ ಮದುವೆ ಗೊತ್ತಾಯಿತು.

ಆಗಲೇ ಅವನಿಗೆ ಕೆಮ್ಮು ಹಿಡಿಯಿತು. ಮೂರನೇ ವಾರ ಸಪ್ನಾ ಹಟ ಮಾಡಿ ಕಫದ ಡಬ್ಬಿ ಕೊಟ್ಟು ಕಳಿಸಿದಳು. ಮರುದಿನ ಅವನು ತಂದುಕೊಟ್ಟ.

ಕ್ಷಯದ ಬ್ಯಾಕ್ಟೀರಿಯಾಕ್ಕೆ ಮೇಣದಂಥ ಹೊದಿಕೆ ಇರುತ್ತದೆ. ಒಮ್ಮೆ ಹಿಡಿದ ಕೆಂಪು ಬಣ್ಣವನ್ನು ಆಮ್ಲದಲ್ಲಿ ತೊಳೆದರೂ ಅದು ಬಿಡುವುದಿಲ್ಲ. ಆದರೆ ಅಂದು ಗಾಜಿನ ಮೇಲೆ ಬರೀ ನೀಲಿ. ಒಂದೇ ಒಂದು ಕೆಂಪು ಕಡ್ಡಿಯೂ ಇರಲಿಲ್ಲ. ಮತ್ತೆ ನೋಡಿದಳು... ನೆಮ್ಮದಿಗೆ ಕಣ್ಣು ತುಂಬಿ ಬಂತು.

ತಿಂಗಳ ಬಳಿಕ ಸುರಪುರದ ಬಸ್ಸಿನಲ್ಲಿ ಅವನ ಗೆಳೆಯ ದೇವಿಂದ್ರ ಸಿಕ್ಕ.

“ನನ್ನ ಕಫ ಛಲೋ ಬಂತಂತಲ್ರಿ, ವೈನಿ. ಇಷ್ಟು ಬೀಡಿ ಸೇದಿದ್ರೂ ಎದಿ ಗಟ್ಟಿ ಐತಿ ನೋಡ್ರಿ.”

ಹೋಲಿಸಿ ನೋಡಲು ಆರೋಗ್ಯವಂತನ ಕಫ ಬೇಕೆಂದು ಸಪ್ನಾಳೇ ಕೇಳಿದ್ದಾಳೆ ಎಂದು ಬುದ್ಧಪ್ರಿಯ ಅವನನ್ನು ನಂಬಿಸಿದ್ದ.

ಸಪ್ನಾ ಕಿಟಕಿಯತ್ತ ಮುಖ ತಿರುಗಿಸಿದಳು. ಬೇರೆ ಯಾರಿಗೋ ಮೋಸ ಮಾಡಿದ್ದರೆ ಕ್ಷಮಿಸಬಹುದಿತ್ತೇನೋ... ನನ್ನ ಕಣ್ಣನ್ನೇ ಬಳಸಿಕೊಂಡನಲ್ಲ! ನನ್ನ ಸಹಿಯನ್ನೇ ಸುಳ್ಳು ಮಾಡಿದನಲ್ಲ!

ಅಂದೇ ವೈದ್ಯರಿಗೆ ವರದಿ ಸುಳ್ಳೆಂದು ತಿಳಿಸಿದಳು. ಅವನ ತರಗತಿಯ ಮಕ್ಕಳನ್ನೆಲ್ಲ ತಪಾಸಣೆ ಮಾಡಿಸಿದಳು; ಯಾರಿಗೂ ರೋಗವಿರಲಿಲ್ಲ. ಮದುವೆ ಬೇಡವೆಂದು ಮನೆಯಲ್ಲಿ ಹೇಳಿದಳು. ಅವನ ಫೋನು ಎತ್ತಲಿಲ್ಲ.

ವಾರದ ನಂತರ ಅವನ ತಾಯಿ ತಿಮ್ಮವ್ವ ಕೆಮ್ಮುತ್ತ ಲ್ಯಾಬಿಗೆ ಬಂದರು. ಅವರ ಕಫದಲ್ಲಿ ಕೆಂಪು ಕಡ್ಡಿಗಳು ಎದ್ದು ಕಂಡವು. ಸಪ್ನಾಳಿಗೆ ಸಿಟ್ಟು ಬರಬೇಕಿತ್ತು, ಅಳು ಬಂತು.

ಮರುದಿನ ಬೆಳಿಗ್ಗೆ ಬುದ್ಧಪ್ರಿಯ ತಾನೇ ಬಂದು ಖಾಲಿ ಡಬ್ಬಿ ಕೇಳಿದ. ಕ್ಷಯ ಹರಡುವುದು ತಟ್ಟೆ ಲೋಟದಿಂದಲ್ಲ, ಕೆಮ್ಮಿದ ಗಾಳಿಯಿಂದ. ಅದಕ್ಕೇ ಬಯಲಲ್ಲಿ, ಬಿಸಿಲಲ್ಲಿ ನಿಂತು, ಅವಳಿಗೆ ಬೆನ್ನು ಮಾಡಿ ಕೆಮ್ಮಿದ. ಅವಳು ಕಣ್ಣು ತೆಗೆಯದೆ ನೋಡುತ್ತಿದ್ದಳು.

ಸಂಜೆ ಚೀಟಿ ಹಿಡಿದು ಹೊರಬಂದಳು.

“ಐತೇನು?”

“ಐತ್ರಿ.”

“ಅವ್ವಗ ನಾನೇ ಹಚ್ಚಿದೆ.”

“ಯಾರಿಂದ ಯಾರಿಗೆ ಅಂತ ಗಾಜಿನ ಮ್ಯಾಲ ಕಾಣಂಗಿಲ್ರಿ.”

ಅವನು ತಲೆ ತಗ್ಗಿಸಿದ. “ನೀ ಬಿಟ್ಟು ಹೋಗ್ತಿ ಅಂತ ಅಂಜಿದ್ದೆ, ಸಪ್ನಾ. ತಪ್ಪು ಮಾಡೀನಿ.”

“ನಿಮ್ಮ ಕಫ ನೋಡಿ ನಾ ಯಾಕ ಬಿಟ್ಟು ಹೋಗಲಿ? ದಿನಾ ನೋಡೋದು ಅದನ್ನ. ದೇವಿಂದ್ರಂದು ತಂದು ಕೊಟ್ರಲ್ಲ, ಅದಕ್ಕ ಹೋದೆ.”

ಅವನು ಚೀಟಿಗೆ ಕೈ ಚಾಚಿದ. ಅವಳು ಕೊಡಲಿಲ್ಲ.

“ಆರು ತಿಂಗಳು ಗುಳಿಗಿ ಅದಾವ. ನುಂಗೀನಿ ಅಂತ ನೀವು ಹೇಳಿದ್ರ ನಾ ನಂಬಂಗಿಲ್ಲ. ದಿನಾ ಮುಂಜಾನಿ ಬಂದು ನನ್ನ ಮುಂದ ನುಂಗ್ರಿ.”

“ರವಿವಾರ ಲ್ಯಾಬ್ ಬಂದ್ ಇರ್ತದಲ್ಲ?”

ಸಪ್ನಾ ಚೀಟಿಯನ್ನು ಮಡಚಿ ಅವನ ಕೈಗಿಟ್ಟಳು.

“ರವಿವಾರ ಮನಿಗೆ ಬರ್ರಿ. ಮಾಸ್ಕ್ ಹಾಕ್ಕೊಂಡು ಬರ್ರಿ, ನಮ್ಮವ್ವ ಇರ್ತಾಳ.”